ಉಪಧ್ರುವ ನಾಡಿನ ಕಾಡು, ಜವುಗು, ಹಿಮ ಮತ್ತು ಬಿಸಿಲಿನ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಉಪಧ್ರುವ ಪ್ರದೇಶ ಅಂದರೆ ಧ್ರುವ ಪ್ರದೇಶವೇ ಅಲ್ವಾ?

ಅಲ್ಲ, ಅದರ ದಕ್ಷಿಣಕ್ಕಿರುವ ಪಟ್ಟಿ. ಹೆಚ್ಚುಕಡಿಮೆ 50ರಿಂದ 70 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ಬರುತ್ತದೆ. ಅಲಾಸ್ಕಾದ ಒಳನಾಡು, ಕೆನಡಾದ ಉತ್ತರ ಭಾಗ, ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳ ತುದಿಯಲ್ಲಿರುವ ಲ್ಯಾಪ್‌ಲ್ಯಾಂಡ್, ಸೈಬೀರಿಯಾದ ಬಹುಭಾಗ, ಇವೆಲ್ಲ ಇದರೊಳಗೆ. ತಿಂಗಳ ಸರಾಸರಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ದಾಟುವುದು ವರ್ಷದಲ್ಲಿ ಒಂದರಿಂದ ಮೂರು ತಿಂಗಳು ಮಾತ್ರ. ಮರ ಹೇಗೋ ಬದುಕಲು ಅಷ್ಟು ಸಾಕು, ಆದರೆ ಎಲ್ಲ ಕಡೆ ಸಾಕಾಗುವುದಿಲ್ಲ. ಅದಕ್ಕೇ ಅಲ್ಲಿ ಒಂದೆರಡು ಕಿಲೋಮೀಟರ್ ನಡೆದರೂ ಕಾಡು, ಜವುಗು, ಕುರುಚಲು ಪೊದೆ, ಕೆರೆ, ಬೋಳು ಬಂಡೆ ಎಲ್ಲ ಒಂದರ ಪಕ್ಕ ಒಂದು ಸಿಗುತ್ತವೆ. ಮೇಲಿನ ಆಕಾಶ ಒಂದೇ, ಬಿಸಿಲೂ ಒಂದೇ. ಆದರೂ ಪ್ರತಿ ತುಂಡು ನೆಲವೂ ಆ ಬಿಸಿಲನ್ನು ತನ್ನದೇ ರೀತಿಯಲ್ಲಿ ಖರ್ಚು ಮಾಡುತ್ತದೆ.

ನೆಲದ ಶಕ್ತಿ ಸಮತೋಲನ ಅಂತಾರಲ್ಲ, ಸರಳವಾಗಿ ಹೇಳಿ.

ನೆಲಕ್ಕೆ ಶಕ್ತಿ ಎರಡು ದಾರಿಯಲ್ಲಿ ಬರುತ್ತದೆ. ಒಂದು ಬಿಸಿಲು. ಇನ್ನೊಂದು ಗಾಳಿ ಮತ್ತು ಮೋಡ ಕೆಳಗೆ ಸೂಸುವ, ಕಣ್ಣಿಗೆ ಕಾಣದ ಶಾಖ ಕಿರಣ. ಬಂದ ಬಿಸಿಲಿನಲ್ಲಿ ಒಂದಷ್ಟನ್ನು ನೆಲ ಹಾಗೇ ವಾಪಸ್ ಎಸೆಯುತ್ತದೆ. ಜೊತೆಗೆ ನೆಲವೂ ತನ್ನ ಬಿಸಿಗೆ ತಕ್ಕಂತೆ ಹಗಲು ರಾತ್ರಿ ಶಾಖ ಕಿರಣ ಸೂಸುತ್ತಲೇ ಇರುತ್ತದೆ. ಬಂದದ್ದರಲ್ಲಿ ಹೋದದ್ದನ್ನು ಕಳೆದರೆ ಉಳಿಯುವುದು ನಿವ್ವಳ ವಿಕಿರಣ.

ಆ ಉಳಿದದ್ದು ಎಲ್ಲಿಗಾದರೂ ಹೋಗಲೇಬೇಕು. ಗಾಳಿಯನ್ನು ನೇರವಾಗಿ ಬಿಸಿ ಮಾಡಬಹುದು, ನೀರನ್ನು ಆವಿ ಮಾಡಬಹುದು, ನೆಲದೊಳಕ್ಕೆ ಇಳಿಯಬಹುದು. ಹಿಮ ಇದ್ದರೆ ಅದನ್ನು ಕರಗಿಸುವುದಕ್ಕೂ ಖರ್ಚಾಗುತ್ತದೆ. ದೊಡ್ಡ ದಾರಿಗಳು ಇಷ್ಟೇ. ಚಳಿಗಾಲದ ರಾತ್ರಿಯಲ್ಲಿ ಇದೆಲ್ಲ ತಿರುಗುಮುರುಗಾಗಿ, ಗಾಳಿಯಿಂದ ಮತ್ತು ನೆಲದೊಳಗಿಂದ ಶಾಖ ಮೇಲ್ಮೈಗೆ ಬರುತ್ತದೆ.

ಇದರಲ್ಲಿ ನೆಲದ ಹೊದಿಕೆಯ ಪಾತ್ರ ಏನು?

ಎಷ್ಟು ಬಿಸಿಲು ವಾಪಸ್ ಹೋಗುತ್ತದೆ ಅನ್ನುವುದು ಹೊದಿಕೆಯ ಬಣ್ಣದ ಮೇಲೆ. ಗಾಳಿ ಎಷ್ಟು ಸುಲಭವಾಗಿ ಶಾಖ ಹೊತ್ತೊಯ್ಯುತ್ತದೆ ಅನ್ನುವುದು ಅದರ ಎತ್ತರ ಮತ್ತು ಒರಟುತನದ ಮೇಲೆ. ಆವಿಯಾಗಲು ನೀರು ಸಿಗುತ್ತದಾ ಇಲ್ಲವಾ, ನೆಲದೊಳಕ್ಕೆ ಶಾಖ ಇಳಿಯಲು ದಾರಿ ಇದೆಯಾ ಇಲ್ಲವಾ ಅನ್ನುವುದನ್ನೂ ಅದೇ ತೀರ್ಮಾನಿಸುತ್ತದೆ. ತಮಾಷೆ ಏನಂದ್ರೆ, ಇವು ಒಂದೇ ದಿಕ್ಕಿಗೆ ಎಳೆಯುವುದಿಲ್ಲ. ಒಂದೇ ಪೊದೆ ಏಪ್ರಿಲ್‌ನಲ್ಲಿ ಜಾಗವನ್ನು ಬಿಸಿ ಮಾಡಿ, ಜುಲೈನಲ್ಲಿ ಅದೇ ಮಣ್ಣನ್ನು ತಂಪಾಗಿಡಬಹುದು. ಹಾಗಾಗಿ "ಕಾಡು ತಂಪಾ ಬಿಸಿಯಾ" ಅಂತ ಯಾರಾದರೂ ಕೇಳಿದರೆ, ಮೊದಲು ಯಾವ ತಿಂಗಳು ಅಂತ ತಿರುಗಿ ಕೇಳಿ.

ಹಿಮ ಎಲ್ಲ ಕಡೆ ಬಿದ್ದಿರುತ್ತಲ್ಲ. ಕಾಡಿದ್ದರೇನು, ಬಯಲಿದ್ದರೇನು?

ಇಡೀ ವಿಷಯದ ತಿರುಳು ಇಲ್ಲೇ ಇದೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಹಿಮ ಎಲ್ಲ ಕಡೆ ಒಂದೇ ಸಮ ಬಿದ್ದಿರಬಹುದು, ಆದರೆ ಸೂರ್ಯನಿಗೆ ಕಾಣುವುದು ಏನು ಅನ್ನುವುದೇ ಪ್ರಶ್ನೆ. ಬಯಲು ಟಂಡ್ರಾದಲ್ಲಿ, ಹೆಪ್ಪುಗಟ್ಟಿದ ಜವುಗಿನ ಮೇಲೆ, ಕೆರೆಯ ಮೇಲೆ ಹಿಮವೇ ಕಾಣುತ್ತದೆ. ಸ್ಪ್ರೂಸ್ ಕಾಡಿನಲ್ಲಿ ಹಿಮ ಮರದಡಿ ಕೂತಿರುತ್ತದೆ, ಮೇಲಿನಿಂದ ಕಾಣುವುದು ಕಡು ಹಸಿರು ಕೊಂಬೆಗಳು. ಕೊಂಬೆ ಮೇಲೆ ಬಿದ್ದ ಹಿಮ ಗಾಳಿಗೆ ಉದುರಿಯೋ, ಕರಗಿಯೋ, ನೇರ ಆವಿಯಾಗಿಯೋ ಕೆಲವೇ ದಿನದಲ್ಲಿ ಖಾಲಿಯಾಗುತ್ತದೆ. ಅದರ ಮೇಲೆ ಅಲ್ಲಿ ಸೂರ್ಯ ಯಾವಾಗಲೂ ಓರೆ. ಫಿನ್ಲೆಂಡಿನ ಸೋಡಂಕ್ಯುಲ 67 ಡಿಗ್ರಿ ದಾಟಿದ ಊರು, ಅಲ್ಲಿ ಏಪ್ರಿಲ್ ಮಧ್ಯದ ನಡುಹಗಲಿನಲ್ಲೂ ಸೂರ್ಯ ದಿಗಂತದಿಂದ ಬರೀ 32 ಡಿಗ್ರಿ ಎತ್ತರದಲ್ಲಿರುತ್ತಾನೆ. ಅಷ್ಟು ಓರೆಯಾಗಿ ಬರುವ ಬೆಳಕಿಗೆ ಮರಗಳು ದೂರ ದೂರ ಇದ್ದರೂ ಸಾಕು, ನೆಲ ಮುಟ್ಟುವ ಮೊದಲೇ ಯಾವುದಾದರೂ ಕಾಂಡ ಅಡ್ಡ ಬರುತ್ತದೆ.

ಎಷ್ಟು ವ್ಯತ್ಯಾಸ? ಬಿದ್ದ ಬಿಸಿಲಿನಲ್ಲಿ ವಾಪಸ್ ಹೋಗುವ ಪಾಲಿಗೆ ಆಲ್ಬಿಡೋ ಅನ್ನುತ್ತಾರೆ. ಕೆನಡಾದ ಸಸ್ಕಾಚೆವಾನ್ ಮತ್ತು ಮನಿಟೋಬಾ ಪ್ರಾಂತ್ಯಗಳಲ್ಲಿ 1990ರ ದಶಕದ ಮಧ್ಯದಲ್ಲಿ ಬೋರಿಯಾಸ್ ಅನ್ನುವ ದೊಡ್ಡ ಅಧ್ಯಯನ ನಡೆಯಿತು. ಹಿಮ ಇರುವ ದಿನಗಳಲ್ಲಿ ಹುಲ್ಲುಗಾವಲಿನ ಆಲ್ಬಿಡೋ ಸುಮಾರು 0.75 ಬಂತು. ಎಲೆ ಉದುರಿದ ಆಸ್ಪೆನ್ ಕಾಡಿನದ್ದು 0.21. ಪೈನ್, ಸ್ಪ್ರೂಸ್ ಥರದ ಸೂಜಿ ಎಲೆ ಕಾಡಿನದ್ದು ಬರೀ 0.13. ಅಂದರೆ ನೂರು ಪಾಲು ಬಿಸಿಲಿನಲ್ಲಿ ಹುಲ್ಲುಗಾವಲು 25 ಪಾಲು ಇಟ್ಟುಕೊಂಡರೆ ಕಾಡು 87 ಪಾಲು ಇಟ್ಟುಕೊಳ್ಳುತ್ತದೆ. ಹಿಮ ಎರಡೂ ಕಡೆ ಇದೆ, ಆಕಾಶ ಒಂದೇ, ನೆನಪಿರಲಿ.

ಇದು ಬರೀ ಪುಸ್ತಕದ ಅಂಕಿ ಅಲ್ಲ. ಯೂರೋಪಿನ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರದ ಕಂಪ್ಯೂಟರ್ ಮಾದರಿ ಆಗ ಹಿಮ ಬಿದ್ದ ಕಾಡನ್ನೂ ಬಯಲು ಹಿಮದ ಹಾಗೇ ಬೆಳ್ಳಗೆ ಎಂದು ಲೆಕ್ಕ ಹಾಕುತ್ತಿತ್ತು. ಪರಿಣಾಮ, ವಸಂತದಲ್ಲಿ ಉತ್ತರದ ಕಾಡುಗಳ ಮೇಲಿನ ಮುನ್ಸೂಚನೆ ನಿಜಕ್ಕಿಂತ ತುಂಬಾ ಚಳಿ ತೋರಿಸುತ್ತಿತ್ತು. ಬೋರಿಯಾಸ್ ಅಳತೆಗಳನ್ನು ನೋಡಿ 1996ರಲ್ಲಿ ಹಿಮ ಬಿದ್ದ ಕಾಡಿನ ಆಲ್ಬಿಡೋವನ್ನು 0.2ರ ಮಟ್ಟಕ್ಕೆ ಇಳಿಸಿದರು, ಮುನ್ಸೂಚನೆ ಸುಧಾರಿಸಿತು. ಒಂದೇ ಒಂದು ಅಂಕಿ ಬದಲಾಯಿಸಿದ್ದಕ್ಕೆ ಇಷ್ಟು ಫಲ ಸಿಗುವುದು ಈ ಕ್ಷೇತ್ರದಲ್ಲಿ ಅಪರೂಪ.

ಹಾಗಾದರೆ ಡಿಸೆಂಬರ್, ಜನವರಿಯಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ ಇರಬೇಕು?

ಇಲ್ಲ. ಬಿಸಿಲೇ ಇಲ್ಲದಾಗ ಆಲ್ಬಿಡೋ ಎಷ್ಟಿದ್ದರೇನು? ಆಗ ನಡೆಯುವುದೆಲ್ಲ ಶಾಖ ಕಿರಣದ ಲೆಕ್ಕ. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿಯಲ್ಲಿ ಬಯಲಿನ ಹಿಮದ ಮೇಲ್ಮೈ ಶಾಖ ಕಳೆದುಕೊಂಡು, ಮೇಲಿನ ಗಾಳಿಗಿಂತ ಹಲವು ಡಿಗ್ರಿ ತಣ್ಣಗಾಗಿಬಿಡುತ್ತದೆ. ಕಾಡಿನೊಳಗೆ ಇದು ಅಷ್ಟಿಲ್ಲ. ಹಿಮಕ್ಕೆ ಪೂರ್ತಿ ಆಕಾಶ ಕಾಣದೆ ಮರದ ಕೊಂಬೆಗಳೂ ಕಾಣುತ್ತವೆ, ಆ ಕೊಂಬೆಗಳು ಒಂದಷ್ಟು ಶಾಖ ವಾಪಸ್ ಸೂಸುತ್ತವೆ. ಹೊದಿಕೆಯ ಬಣ್ಣದ ಆಟ ಶುರುವಾಗುವುದು ಮಾರ್ಚ್‌ನಲ್ಲಿ, ಮುಗಿಯುವುದು ಮೇ ಕೊನೆ ಅಥವಾ ಜೂನ್ ಮೊದಲಲ್ಲಿ. ಹಿಮ ಇನ್ನೂ ಇದೆ, ಬಿಸಿಲು ಬಂದಾಗಿದೆ, ಆ ಎರಡೂವರೆ ಮೂರು ತಿಂಗಳೇ ವರ್ಷದ ಲೆಕ್ಕವನ್ನು ತಿರುಗಿಸುವುದು. ಜನ ಬೇಸಿಗೆಯ ಬಗ್ಗೆ ಬರೆಯುವಷ್ಟು ಈ ತಿಂಗಳುಗಳ ಬಗ್ಗೆ ಬರೆಯುವುದಿಲ್ಲ, ಯಾಕೋ ಗೊತ್ತಿಲ್ಲ.

ಕಾಡು ಅಷ್ಟೊಂದು ಬಿಸಿಲು ಹೀರಿಕೊಂಡರೆ ಅದರ ಕೆಳಗಿನ ಹಿಮ ಬೇಗ ಕರಗಬೇಕಲ್ವಾ?

ಬಹಳ ಜನ ಹಾಗೇ ಅಂದುಕೊಳ್ಳುತ್ತಾರೆ. ಬಿಸಿಲು ಹೀರಿದ್ದು ಮರದ ತಲೆ, ಹಿಮ ಅಲ್ಲ. ತಲೆ ಹೀರಿದ ಶಾಖದ ಬಹುಪಾಲನ್ನು ಗಾಳಿ ಮೇಲಕ್ಕೆ ಒಯ್ಯುತ್ತದೆ, ಕೆಳಗಿನ ಹಿಮ ನೆರಳಲ್ಲಿ ಉಳಿಯುತ್ತದೆ. ಚಳಿ ಜಾಸ್ತಿ ಇರುವ ಕಡೆ ದಟ್ಟ ಕಾಡಿನ ಹಿಮ ಪಕ್ಕದ ಬಯಲಿಗಿಂತ ತಡವಾಗಿ ಕರಗುವುದೂ ಉಂಟು. ಆದರೆ ಒಂದೊಂದೇ ಮರದ ಬುಡ ನೋಡಿ, ಕಥೆ ಬೇರೆ. ಬಿಸಿಲು ಬಿದ್ದ ಕಾಂಡ ಕಾಯುತ್ತದೆ, ಸುತ್ತಲಿನ ಹಿಮಕ್ಕೆ ಶಾಖ ಕಿರಣ ಸೂಸುತ್ತದೆ. ಏಪ್ರಿಲ್ ಕೊನೆಗೆ ಪ್ರತಿ ಸ್ಪ್ರೂಸ್ ಬುಡದಲ್ಲೂ ಬಟ್ಟಲಿನ ಆಕಾರದ ಗುಂಡಿ ಬಿದ್ದಿರುತ್ತದೆ, ಸಾಮಾನ್ಯವಾಗಿ ದಕ್ಷಿಣದ ಬದಿ ಸ್ವಲ್ಪ ಅಗಲ. ಅದರ ತಳದಲ್ಲಿ ಒಣಗಿದ ಸೂಜಿ ಎಲೆಗಳು, ತೊಗಟೆಯ ಚೂರು, ಕಪ್ಪು ಕಸ. ಆ ಕಸವೂ ಬಿಸಿಲು ಹೀರುತ್ತದೆ, ಗುಂಡಿ ಹಿಗ್ಗುತ್ತದೆ. ಎರಡು ಹೆಜ್ಜೆ ಆಚೆ ಹಿಮ ಇನ್ನೂ ಮಂಡಿಯವರೆಗೆ.

ಹಿಮ ಕರಗಲು ನಿಜಕ್ಕೂ ಎಷ್ಟು ಶಕ್ತಿ ಬೇಕು?

ಲೆಕ್ಕ ಹಾಕೋಣ, ಕಷ್ಟ ಏನಿಲ್ಲ. ಒಂದು ಕಿಲೋ ಹಿಮ ಕರಗಲು 334 ಕಿಲೋಜೂಲ್ ಬೇಕು. ಚಳಿಗಾಲದ ಕೊನೆಗೆ ಒಂದು ಚದರ ಮೀಟರ್ ನೆಲದ ಮೇಲೆ 150 ಕಿಲೋ ಹಿಮ ಇದೆ ಅಂತ ಇಟ್ಟುಕೊಳ್ಳಿ, ಅಂದರೆ ಕರಗಿದರೆ 150 ಮಿಲಿಮೀಟರ್ ನೀರು. ಅದಕ್ಕೆ ಸುಮಾರು 50 ಮೆಗಾಜೂಲ್ ಬೇಕು. ಮೇ ತಿಂಗಳ ಒಳ್ಳೆಯ ಬಿಸಿಲಿನ ದಿನ ಚದರ ಮೀಟರಿಗೆ 20 ಮೆಗಾಜೂಲ್ ಬಂತು ಅನ್ನೋಣ. ಹಿಮ ಹೊಸದು, ಆಲ್ಬಿಡೋ 0.8 ಇದ್ದರೆ ಒಳಗೆ ಹೋಗುವುದು 4. ಹಿಮ ಹಳೆಯದಾಗಿ, ಕಾಳು ದಪ್ಪವಾಗಿ, ಕಸ ಕೂತು 0.5ಕ್ಕೆ ಇಳಿದಿದ್ದರೆ 10. ಬಿಸಿಲೊಂದನ್ನೇ ಲೆಕ್ಕಕ್ಕೆ ಹಿಡಿದರೆ ಮೊದಲನೆಯದಕ್ಕೆ ಹನ್ನೆರಡು ಹದಿಮೂರು ದಿನ, ಎರಡನೆಯದಕ್ಕೆ ಐದೇ ದಿನ. ನಿಜದಲ್ಲಿ ರಾತ್ರಿ ಶಾಖ ಕಳೆದುಹೋಗುವುದು, ಬೆಚ್ಚನೆ ಗಾಳಿ ಬೀಸುವುದು ಎಲ್ಲ ಸೇರಿ ಲೆಕ್ಕ ಹಿಂದೆ ಮುಂದೆ ಆಗುತ್ತದೆ. ಆದರೂ ಒಂದು ವಾರ ಬೇಗ ಹಿಮ ಹೋದರೆ ವರ್ಷದಲ್ಲೇ ಅತಿ ಉದ್ದದ ಹಗಲಿರುವ ಹೊತ್ತಿಗೆ ಕಪ್ಪು ನೆಲ ಬಯಲಾಗುತ್ತದೆ ಅನ್ನುವುದನ್ನು ಗಮನಿಸಿ. ಅದೇ ಒಂದು ವಾರ ಅಕ್ಟೋಬರ್‌ನಲ್ಲಿ ಹಿಂದೆ ಮುಂದೆ ಆದರೆ ಬಿಸಿಲಿನ ಲೆಕ್ಕಕ್ಕೆ ಅಷ್ಟೇನೂ ತಟ್ಟುವುದಿಲ್ಲ.

ಬೇಸಿಗೆಯಲ್ಲಾದರೂ ಕಾಡು ತಂಪು ಮಾಡುತ್ತದಲ್ಲ?

ಎಲೆ ಉದುರಿಸುವ ಬರ್ಚ್, ಆಸ್ಪೆನ್ ಕಾಡಾದರೆ ಹೌದು, ಚೆನ್ನಾಗೇ. ಒಂದು ಮಿಲಿಮೀಟರ್ ನೀರು ಆವಿಯಾಗಲು ಚದರ ಮೀಟರಿಗೆ ಸುಮಾರು 2.5 ಮೆಗಾಜೂಲ್ ಬೇಕು. ಎಲೆ ತುಂಬಿದ ಬರ್ಚ್ ಕಾಡು ಬಿಸಿಲಿನ ದಿನ ಎರಡು ಮೂರು ಮಿಲಿಮೀಟರ್ ಆವಿ ಮಾಡಿದರೆ ಅಷ್ಟು ಶಕ್ತಿ ಗಾಳಿಯನ್ನು ಬಿಸಿ ಮಾಡದೆ ಆವಿಯೊಳಗೆ ಸೇರಿಹೋಗುತ್ತದೆ.

ಸ್ಪ್ರೂಸ್, ಪೈನ್ ಹಾಗಲ್ಲ. ಅವು ನೀರಿನ ವಿಷಯದಲ್ಲಿ ಜಿಪುಣ ಮರಗಳು. ಕೆಳಗೆ ನೀರು ತುಂಬಿದ ಪಾಚಿ ಇದ್ದರೂ ಗಾಳಿ ಸ್ವಲ್ಪ ಒಣಗಿದರೆ ಸಾಕು, ಎಲೆಯ ರಂಧ್ರ ಮುಚ್ಚಿಕೊಳ್ಳುತ್ತವೆ. ಏಪ್ರಿಲ್, ಮೇನಲ್ಲಂತೂ ಬೇರು ಹೆಪ್ಪುಗಟ್ಟಿದ ಮಣ್ಣಿನಲ್ಲಿರುತ್ತದೆ, ಮೇಲೆ ಬಿಸಿಲು ಸುರಿಯುತ್ತಿರುತ್ತದೆ, ನೀರು ಮಾತ್ರ ಏರುವುದಿಲ್ಲ. ಕಾಡು ಹೀರಿದ ಬಿಸಿಲೆಲ್ಲ ನೇರ ಗಾಳಿಗೆ. ಬೋರಿಯಾಸ್ ಅಧ್ಯಯನದವರು ವಸಂತದ ಕೊನೆಯಲ್ಲಿ ಬಲೂನ್ ಹಾರಿಸಿ ನೋಡಿದಾಗ, ನೆಲದಿಂದೆದ್ದ ಬಿಸಿ ಗಾಳಿ ಕದಡುವ ಪದರ 3 ಕಿಲೋಮೀಟರ್ ಎತ್ತರದವರೆಗೂ ಹೋಗಿತ್ತು. ಅಷ್ಟು ಎತ್ತರ ಸಾಮಾನ್ಯವಾಗಿ ಮರುಭೂಮಿಯ ಮೇಲೆ ಕಾಣುವಂಥದ್ದು. ಸುತ್ತ ಕೆರೆ, ಜವುಗು, ಹಸಿರು ಮರ, ಅದರ ಮೇಲೆ ಮರುಭೂಮಿಯ ಗಾಳಿ. ಈ ಇಡೀ ವಿಷಯದಲ್ಲಿ ನನಗೆ ಅತಿ ಹಿಡಿಸಿದ್ದು ಇದೇ.

ಸೈಬೀರಿಯಾದ ಲಾರ್ಚ್ ಮರ ಒಂದು ಮಧ್ಯದ ಗಿರಾಕಿ. ಸೂಜಿ ಎಲೆಯದ್ದೇ, ಆದರೆ ಚಳಿಗಾಲಕ್ಕೆ ಎಲೆ ಉದುರಿಸುತ್ತದೆ. ಹಾಗಾಗಿ ಹಿಮಕಾಲದಲ್ಲಿ ಲಾರ್ಚ್ ಕಾಡು ಸ್ಪ್ರೂಸ್ ಕಾಡಿಗಿಂತ ಬೆಳ್ಳಗೆ ಕಾಣುತ್ತದೆ. ಅಲ್ಲಿ ಲಾರ್ಚ್ ಹೋಗಿ ನಿತ್ಯಹಸಿರು ಮರ ಬಂದರೆ ನಕ್ಷೆಯಲ್ಲಿ ಎರಡೂ "ಕಾಡು" ಎಂದೇ ಇರುತ್ತದೆ, ಬಿಸಿಲಿನ ಲೆಕ್ಕ ಮಾತ್ರ ಬದಲಾಗಿರುತ್ತದೆ.

ಪಾಚಿ, ಕಲ್ಲುಹೂವು ಇವೆಲ್ಲ ಲೆಕ್ಕಕ್ಕೆ ಬರುತ್ತವಾ?

ಬರುತ್ತವೆ, ಅದೂ ಮರದಷ್ಟೇ. ಜುಲೈನಲ್ಲಿ ಜವುಗಿನ ಎತ್ತರದ ದಿಬ್ಬವೊಂದರ ಮೇಲೆ ಕೈ ಇಟ್ಟರೆ ಮೇಲಿನ ಸ್ಫ್ಯಾಗ್ನಮ್ ಪಾಚಿ ಒಣಗಿ ಗರಿಗರಿ, ಮುಟ್ಟಿದರೆ ಬೆಚ್ಚಗೆ. ಬೆರಳು ಒಳಗೆ ತೂರಿಸಿದರೆ ಒದ್ದೆ, ತಂಪು. ಮೊಣಕೈವರೆಗೆ ಇಳಿಸಿದರೆ ಬೆರಳ ತುದಿಗೆ ಗಟ್ಟಿಯಾಗಿ ಏನೋ ತಾಗುತ್ತದೆ, ಅದು ಮಂಜುಗಡ್ಡೆ. ಅಷ್ಟು ಅಂತರದಲ್ಲಿ ಇಪ್ಪತ್ತು ಡಿಗ್ರಿ ವ್ಯತ್ಯಾಸ ಇರಬಹುದು.

ಕಾರಣ ಸರಳ. ಒಣ ಪೀಟ್, ಅಂದರೆ ಪೂರ್ತಿ ಕೊಳೆಯದೆ ಕೂಡಿದ ಪಾಚಿಯ ಪದರ, ಶಾಖವನ್ನು ಸಾಗಿಸುವುದು ತುಂಬಾ ಕಡಿಮೆ, ಮೀಟರಿಗೆ ಡಿಗ್ರಿಗೆ ಸುಮಾರು 0.06 ವಾಟ್. ನೀರು ತುಂಬಿದರೆ 0.5. ಅದೇ ನೀರು ಹೆಪ್ಪುಗಟ್ಟಿದರೆ ಇನ್ನೂ ಹಲವು ಪಟ್ಟು ಜಾಸ್ತಿ, ಏಕೆಂದರೆ ಮಂಜುಗಡ್ಡೆ ನೀರಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಈಗ ವರ್ಷ ಪೂರ್ತಿ ಯೋಚಿಸಿ. ಬೇಸಿಗೆಯಲ್ಲಿ ಮೇಲ್ಪದರ ಒಣಗಿ ಬಾಗಿಲು ಮುಚ್ಚುತ್ತದೆ, ಶಾಖ ಒಳಗೆ ಹೋಗುವುದಿಲ್ಲ. ಶರತ್ಕಾಲದ ಮಳೆಗೆ ಒದ್ದೆಯಾಗಿ, ಚಳಿಗೆ ಹೆಪ್ಪುಗಟ್ಟಿ ಬಾಗಿಲು ತೆರೆಯುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತದೆ. ಅದಕ್ಕೇ ವರ್ಷದ ಸರಾಸರಿ ಉಷ್ಣತೆ ಸೊನ್ನೆಯ ಹತ್ತಿರ ಇರುವ ಜಾಗದಲ್ಲೂ ಪೀಟ್ ಕೆಳಗೆ ಪರ್ಮಾಫ್ರಾಸ್ಟ್, ಅಂದರೆ ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ನೆಲ, ಉಳಿದುಕೊಂಡಿರುತ್ತದೆ. ಪಕ್ಕದ ಜಲ್ಲಿ ಮಣ್ಣಿನಲ್ಲಿ ಅದರ ಸುಳಿವೇ ಇರುವುದಿಲ್ಲ.

ಕಲ್ಲುಹೂವಿನ ವಿಷಯ ಬಣ್ಣದ್ದು. ಹಿಮಸಾರಂಗ ತಿನ್ನುವ ತೆಳು ಹಳದಿ ಬಿಳುಪಿನ ಕಲ್ಲುಹೂವಿನ ಹಾಸು ಬೇಸಿಗೆಯಲ್ಲಿ ಪಾಚಿ, ಪೊದೆಗಳಿಗಿಂತ ಜಾಸ್ತಿ ಬಿಸಿಲು ವಾಪಸ್ ಕಳಿಸುತ್ತದೆ. ಬೇರು ಇಲ್ಲದ ಜೀವಿ ಅದು, ಕೆಳಗಿನ ನೀರನ್ನು ಎಳೆದು ಆವಿ ಮಾಡುವ ಕೆಲಸಕ್ಕೆ ಹೋಗುವುದೇ ಇಲ್ಲ.

ಪೊದೆಗಳು ಹೆಚ್ಚುತ್ತಿವೆ ಅಂತಾರೆ. ಅದರಿಂದ ಒಳ್ಳೆಯದಾ ಕೆಟ್ಟದ್ದಾ?

ಹೆಚ್ಚುತ್ತಿರುವುದು ನಿಜ. ಉತ್ತರ ಅಲಾಸ್ಕಾದಲ್ಲಿ ತೈಲ ಹುಡುಕಾಟಕ್ಕಾಗಿ 1940ರ ದಶಕದ ಕೊನೆಯ ಹೊತ್ತಿಗೆ ವಿಮಾನದಿಂದ ತೆಗೆದ ಹಳೆ ಫೋಟೋಗಳಿದ್ದವು. ಅದೇ ಜಾಗಗಳನ್ನು 1999, 2000ದಲ್ಲಿ ಮತ್ತೆ ತೆಗೆದು ಪಕ್ಕದಲ್ಲಿಟ್ಟು ನೋಡಿದಾಗ ಕಣಿವೆ, ಇಳಿಜಾರುಗಳಲ್ಲಿ ಆಲ್ಡರ್, ವಿಲೋ, ಕುಳ್ಳ ಬರ್ಚ್ ಪೊದೆಗಳು ದಟ್ಟವಾಗಿದ್ದವು.

ಒಳ್ಳೆಯದಾ ಕೆಟ್ಟದ್ದಾ ಅನ್ನುವುದಕ್ಕೆ ಒಂದು ಸಾಲಿನ ಉತ್ತರ ಇಲ್ಲ. ಚಳಿಗಾಲದಲ್ಲಿ ಗಾಳಿ ಹಾರಿಸಿಕೊಂಡು ಹೋಗುವ ಹಿಮವನ್ನು ಪೊದೆ ಹಿಡಿದಿಡುತ್ತದೆ. ಹಿಮ ದಪ್ಪವಾದಷ್ಟೂ ಮಣ್ಣು ಬೆಚ್ಚಗೆ. ಹೊರಗೆ ಸೊನ್ನೆಗಿಂತ 30 ಡಿಗ್ರಿ ಕೆಳಗಿದ್ದರೂ ಸಡಿಲ ಹಿಮದ ಅಡಿಯಲ್ಲಿ ಮಣ್ಣು ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗಿರುತ್ತದೆ. ಇನ್ನು ವಸಂತ. ಕುಳ್ಳ ಬರ್ಚ್‌ನ ತೆಳು ರೆಂಬೆಗಳು ಹಿಮದ ಭಾರಕ್ಕೆ ಬಾಗಿ ಚಳಿಗಾಲವಿಡೀ ಅಡಗಿರುತ್ತವೆ. ಮೇಲಿನ ಹಿಮ ಸ್ವಲ್ಪ ಇಳಿದ ಕೂಡಲೇ ಒಂದು ರೆಂಬೆ ಪಟ್ಟನೆ ಎದ್ದು ನಿಲ್ಲುತ್ತದೆ, ಅದು ಎದ್ದ ಜಾಗದಲ್ಲಿ ಹಿಮ ಕುಸಿಯುತ್ತದೆ, ಕಂದು ಬಣ್ಣದ ರೆಂಬೆ ಬಿಸಿಲಿಗೆ ಕಾದು ಸುತ್ತ ಇನ್ನಷ್ಟು ಹಿಮ ಕರಗಿಸುತ್ತದೆ, ಪಕ್ಕದ ರೆಂಬೆಯೂ ಏಳುತ್ತದೆ. ಬಿಳಿ ಬಯಲು ಕೆಲವೇ ದಿನಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಇವೆರಡೂ ಬಿಸಿ ಮಾಡುವ ಕಡೆಗೆ.

ಬೇಸಿಗೆಯಲ್ಲಿ ಉಲ್ಟಾ. ಎಲೆ ಬಿಟ್ಟ ಪೊದೆ ಮಣ್ಣಿಗೆ ನೆರಳು ಕೊಡುತ್ತದೆ. ಈಶಾನ್ಯ ಸೈಬೀರಿಯಾದ ಕಿಟಲಿಕ್ ಅನ್ನುವಲ್ಲಿ, ಅದು ಉಪಧ್ರುವಕ್ಕಿಂತ ಸ್ವಲ್ಪ ಉತ್ತರದ ಟಂಡ್ರಾ, ಕೆಲವು ತುಂಡು ನೆಲದಿಂದ ಕುಳ್ಳ ಬರ್ಚ್ ಕತ್ತರಿಸಿ ನೋಡಿದರು. ಬರಿದಾದ ಕಡೆ ಬೇಸಿಗೆಯಲ್ಲಿ ಮಣ್ಣು ಹೆಚ್ಚು ಆಳಕ್ಕೆ ಕರಗಿತು. ಕೆಲವೇ ವರ್ಷದಲ್ಲಿ ಆ ನೆಲ ಕುಸಿದು ನೀರು ನಿಲ್ಲುವ ತಗ್ಗಾಯಿತು. ಹಾಗಂತ "ಪೊದೆ ಪರ್ಮಾಫ್ರಾಸ್ಟ್ ಕಾಯುತ್ತದೆ" ಅಂತ ಎಲ್ಲ ಕಡೆಗೂ ಅನ್ವಯಿಸಿಬಿಡಬೇಡಿ. ಹಿಮ ಹಾರಿ ಬಂದು ಕೂಡುವ ಜಾಗವಾದರೆ ಚಳಿಗಾಲದ ಬೆಚ್ಚನೆಯೇ ಗೆಲ್ಲಬಹುದು. ನನ್ನ ಅಭಿಪ್ರಾಯ ಕೇಳಿದರೆ, ಪೊದೆಯ ಎತ್ತರ ಹಿಮದ ಎತ್ತರಕ್ಕಿಂತ ಜಾಸ್ತಿಯಾ ಕಡಿಮೆಯಾ ಅನ್ನುವ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಹಿಮಸಾರಂಗ ಮೇಯುವುದರಿಂದಲೂ ಬದಲಾಗುತ್ತದೆ ಅಂತ ಓದಿದೆ. ನಿಜಾನಾ?

ನಿಜ. ನಾರ್ವೆ ಮತ್ತು ಫಿನ್ಲೆಂಡ್ ಗಡಿಯಲ್ಲಿ ಹಿಮಸಾರಂಗ ಆಚೀಚೆ ಹೋಗದಂತೆ ಬೇಲಿ ಇದೆ. ಒಂದು ಕಡೆ ಬೇಸಿಗೆಯಲ್ಲೂ ಮೇಯುತ್ತವೆ, ಇನ್ನೊಂದು ಕಡೆ ಮುಖ್ಯವಾಗಿ ಚಳಿಗಾಲದಲ್ಲಿ. ಕಲ್ಲುಹೂವು ಉಳಿದ ಬದಿ ಮತ್ತು ತುಳಿದು ಹೋದ ಬದಿಯ ಬಣ್ಣದ ಗೆರೆ ಉಪಗ್ರಹ ಚಿತ್ರದಲ್ಲೂ ಕಾಣುತ್ತದೆ. ಕಲ್ಲುಹೂವು ಹೋದರೆ ನೆಲ ಕಪ್ಪಾಗಿ ಬಿಸಿಲು ಜಾಸ್ತಿ ಹೀರುತ್ತದೆ. ಆದರೆ ಬೇಸಿಗೆಯಲ್ಲಿ ಮೇಯುವ ಕಡೆ ಪೊದೆಗಳು ಕುಳ್ಳಗೆ ಉಳಿಯುತ್ತವೆ, ಹಿಮದಡಿ ಮುಚ್ಚಿಕೊಂಡಿರುತ್ತವೆ, ಹಿಮ ತಡವಾಗಿ ಕರಗುತ್ತದೆ. ಮತ್ತೆ ಅದೇ ಎಳೆದಾಟ.

ಕೆರೆಗಳು?

ಕೆರೆ ಕಾಲವನ್ನೇ ಮುಂದೂಡುತ್ತದೆ. ನೀರಿನ ಆಲ್ಬಿಡೋ ತೀರಾ ಕಡಿಮೆ, 0.1ರ ಕೆಳಗೆ, ಹಾಗಾಗಿ ಬಿಸಿಲನ್ನೆಲ್ಲ ನುಂಗುತ್ತದೆ. ಆದರೆ ನುಂಗಿದ್ದನ್ನು ಆಗಲೇ ಕೊಡುವುದಿಲ್ಲ. ಕೆನಡಾದ ಗ್ರೇಟ್ ಸ್ಲೇವ್ ಸರೋವರ 614 ಮೀಟರ್ ಆಳ, ಉತ್ತರ ಅಮೆರಿಕದಲ್ಲೇ ಅತಿ ಆಳದ್ದು. ಜೂನ್‌ವರೆಗೂ ಅದರ ಮೇಲೆ ಮಂಜುಗಡ್ಡೆ ಇರುತ್ತದೆ. ಬೇಸಿಗೆಯಲ್ಲಿ ನೀರು ಗಾಳಿಗಿಂತ ತಣ್ಣಗೆ, ಆವಿಯಾಗುವುದು ಕಡಿಮೆ. ದಂಡೆಯ ಕಾಡು ಎಲ್ಲ ಕೆಲಸ ಮುಗಿಸಿ ಮಲಗಿದ ಮೇಲೆ, ಶರತ್ಕಾಲದಿಂದ ಡಿಸೆಂಬರ್‌ವರೆಗೆ, ಸರೋವರ ಕೂಡಿಟ್ಟ ಶಾಖವನ್ನು ಹೊರಹಾಕುತ್ತದೆ. ವರ್ಷದ ಆವಿಯ ಬಹುಪಾಲು ಆಗಲೇ ಹೋಗುವುದು. ಸಣ್ಣ, ಆಳವಿಲ್ಲದ ಕೆರೆಗಳು ಹಾಗಲ್ಲ, ಬೇಗ ಕಾಯುತ್ತವೆ, ಬೇಗ ಹೆಪ್ಪುಗಟ್ಟುತ್ತವೆ. ಆದ್ದರಿಂದ ಒಂದು ಪ್ರದೇಶದಲ್ಲಿ ಶೇಕಡಾ ಇಷ್ಟು ನೀರಿದೆ ಅಂದರೆ ಸಾಲದು, ಎಷ್ಟು ಆಳ ಅಂತಲೂ ಗೊತ್ತಿರಬೇಕು.

ಕಾಡ್ಗಿಚ್ಚು ಬಿದ್ದರೆ ನೆಲ ಕಪ್ಪಾಗುತ್ತೆ, ಅಂದ್ರೆ ಬಿಸಿ ಜಾಸ್ತಿ, ಸರಿ ತಾನೇ?

ಮೊದಲ ಬೇಸಿಗೆಗೆ ಸರಿ. ಆಮೇಲೆ ಅಲ್ಲ. ಮರದ ತಲೆ ಸುಟ್ಟುಹೋದ ಮೇಲೆ ಮುಂದಿನ ಮಾರ್ಚ್‌ನಲ್ಲಿ ಅಲ್ಲಿ ಹಿಮ ಬಯಲಾಗಿ ಕಾಣುತ್ತದೆ. ಕರಿ ಕಾಂಡಗಳು ಒಂದೊಂದಾಗಿ ಬಿದ್ದ ಹಾಗೆ ಇನ್ನೂ ಬೆಳ್ಳಗಾಗುತ್ತದೆ. ಬೇಸಿಗೆಯಲ್ಲಿ ಹುಲ್ಲು, ಆಮೇಲೆ ಆಸ್ಪೆನ್, ಬರ್ಚ್ ಬರುತ್ತವೆ, ಅವು ಸ್ಪ್ರೂಸ್‌ಗಿಂತ ತೆಳು ಬಣ್ಣದವು. ಸ್ಪ್ರೂಸ್ ಮತ್ತೆ ಮೇಲುಗೈ ಪಡೆಯಲು ಹಲವು ದಶಕ ಬೇಕು. ಅಲಾಸ್ಕಾದ ಒಂದು ಸುಟ್ಟ ಕಾಡಿನ ಅಳತೆಗಳನ್ನು ಇಟ್ಟುಕೊಂಡು 2006ರಲ್ಲಿ ಪ್ರಕಟವಾದ ಲೆಕ್ಕವೊಂದು ಇಂಗಾಲ, ಮಸಿ, ಆಲ್ಬಿಡೋ ಎಲ್ಲ ಸೇರಿಸಿ 80 ವರ್ಷಗಳ ಸರಾಸರಿ ನೋಡಿತು. ಮೊದಲ ವರ್ಷ ಬಿಸಿಯ ಕಡೆ, ಒಟ್ಟು ಅವಧಿಗೆ ಸ್ವಲ್ಪ ತಂಪಿನ ಕಡೆ ಬಂತು.

ಇದನ್ನು ಓದಿ ಬೆಂಕಿ ಒಳ್ಳೆಯದು ಅನ್ನುವವರು ಇದ್ದಾರೆ. ಸುಮ್ನೆ ಹಾಗೆ ಹೇಳಬೇಡಿ. ಬೆಂಕಿ ಪಾಚಿಯ ಹಾಸನ್ನೂ ಸುಟ್ಟರೆ ಮೇಲೆ ಹೇಳಿದ ಬಾಗಿಲೇ ಹೋಯಿತು. ಆಗ ಬೇಸಿಗೆಯ ಶಾಖ ನೇರ ಕೆಳಗಿಳಿದು ಪರ್ಮಾಫ್ರಾಸ್ಟ್ ಕರಗಿಸುತ್ತದೆ. ಅದರಲ್ಲಿ ಸಾವಿರಾರು ವರ್ಷದ ಇಂಗಾಲ ಕೂತಿದೆ.

ಹಾಗಾದರೆ ಉತ್ತರದಲ್ಲಿ ಮರ ನೆಡುವುದು ತಪ್ಪಾ?

ಎಲ್ಲ ಕಡೆ ತಪ್ಪಲ್ಲ. ಆದರೆ "ಮರ ನೆಟ್ಟರೆ ಭೂಮಿ ತಂಪು" ಅನ್ನುವುದನ್ನು ಉಷ್ಣವಲಯದಿಂದ ಎತ್ತಿಕೊಂಡು ಹೋಗಿ ಲ್ಯಾಪ್‌ಲ್ಯಾಂಡಿನ ಬಯಲಿನ ಮೇಲೆ ಇಟ್ಟರೆ ನಡೆಯುವುದಿಲ್ಲ. 1992ರಲ್ಲೇ ಒಂದು ಮಾದರಿ ಅಧ್ಯಯನ ಉತ್ತರದ ಕಾಡುಗಳನ್ನು ತೆಗೆದುಬಿಟ್ಟರೆ ಅಲ್ಲಿನ ಹವೆ ಇನ್ನೂ ತಣ್ಣಗಾಗುತ್ತದೆ ಎಂದು ತೋರಿಸಿತ್ತು. 2000ದಲ್ಲಿ ಬಂದ ಇನ್ನೊಂದು ಲೆಕ್ಕ ಹಿಮ ಜಾಸ್ತಿ ಇರುವ ಕಡೆ ಸೂಜಿ ಎಲೆ ಮರ ಬೆಳೆಸಿದರೆ ಅವು ಹಿಡಿದಿಡುವ ಇಂಗಾಲದ ಲಾಭವನ್ನು ಕಪ್ಪು ಬಣ್ಣದ ನಷ್ಟ ತಿಂದುಹಾಕಬಹುದು ಅಂದಿತು.

ಫಿನ್ಲೆಂಡ್ ಇದಕ್ಕೆ ಕಣ್ಣೆದುರಿನ ಉದಾಹರಣೆ. ಅಲ್ಲಿನ ಪೀಟ್ ಜವುಗಿನಲ್ಲಿ ಅರ್ಧದಷ್ಟನ್ನು ಕಾಲುವೆ ತೋಡಿ ನೀರು ಬಸಿದು ಕಾಡು ಬೆಳೆಸಲು ಬಳಸಿದ್ದಾರೆ, ಬಹುಪಾಲು 1960 ಮತ್ತು 70ರ ದಶಕಗಳಲ್ಲಿ. ಮೊದಲು ವಸಂತದಲ್ಲಿ ಬೆಳ್ಳಗೆ ಮಿನುಗುತ್ತಿದ್ದ ಬಯಲು ಈಗ ಪೈನ್ ತೋಪು. ವಸಂತದಲ್ಲಿ ಅಲ್ಲಿ ಬಿಸಿ ಏರುತ್ತದೆ. ಬೇಸಿಗೆಯಲ್ಲಿ ಮರಗಳು ಆವಿ ಮಾಡುವುದರಿಂದ ಸ್ವಲ್ಪ ತಂಪೂ ಆಗಬಹುದು. ನೆಡಲೇಬೇಕು ಅಂದರೆ ಎಲೆ ಉದುರಿಸುವ ಜಾತಿ ನೆಡಿ, ತೆರೆದ ಜವುಗನ್ನು ಅದರ ಪಾಡಿಗೆ ಬಿಡಿ ಅನ್ನುವುದು ನನ್ನ ನಿಲುವು.

ಪರ್ಮಾಫ್ರಾಸ್ಟ್ ಕರಗಿದರೆ ಹೊದಿಕೆಯೇ ಬದಲಾಗುತ್ತದಾ?

ಹೌದು. ಸ್ವೀಡನ್ನಿನ ಅಬಿಸ್ಕೋ ಹತ್ತಿರದ ಸ್ಟೋರ್ಡಾಲೆನ್ ಜವುಗಿನಲ್ಲಿ ಇದನ್ನು ದಶಕಗಳಿಂದ ನೋಡುತ್ತಿದ್ದಾರೆ. ಒಳಗೆ ಮಂಜುಗಡ್ಡೆ ಇರುವ ಪೀಟ್ ದಿಬ್ಬಗಳಿಗೆ ಪಾಲ್ಸಾ ಅನ್ನುತ್ತಾರೆ. ಅವುಗಳ ತಲೆಯಿಂದ ಗಾಳಿ ಹಿಮ ಹಾರಿಸಿಕೊಂಡು ಹೋಗುತ್ತದೆ, ಹಾಗಾಗಿ ಚಳಿ ಒಳಗಿಳಿದು ಅವು ಉಳಿದಿವೆ. ಒಮ್ಮೆ ಕುಸಿಯಲು ಶುರುವಾದರೆ ತಗ್ಗಿನಲ್ಲಿ ಹಿಮ ದಪ್ಪಗೆ ಕೂಡುತ್ತದೆ, ನೀರು ನಿಲ್ಲುತ್ತದೆ, ಒಣ ಪಾಚಿಯ ಜಾಗದಲ್ಲಿ ಒದ್ದೆ ಸ್ಫ್ಯಾಗ್ನಮ್, ಆಮೇಲೆ ಜವುಗು ಹುಲ್ಲು. ಈಗ ಬಿಸಿಲಿನ ಹೆಚ್ಚು ಪಾಲು ಆವಿಗೆ ಹೋಗುತ್ತದೆ, ಗಾಳಿಯನ್ನು ಬಿಸಿ ಮಾಡುವುದು ಕಡಿಮೆಯಾಗುತ್ತದೆ, ನೆಲದೊಳಕ್ಕೆ ಇಳಿಯುವ ಶಾಖ ಹೆಚ್ಚುತ್ತದೆ. ಜೊತೆಗೆ ಮೀಥೇನ್ ಬಿಡುಗಡೆಯೂ ಏರುತ್ತದೆ, ಅದು ಬೇರೆಯದೇ ಕಥೆ.

ಇದನ್ನೆಲ್ಲ ಅಳೆಯುವುದು ಹೇಗೆ?

ಹೊದಿಕೆಗಿಂತ ಎತ್ತರದ ಗೋಪುರ ನಿಲ್ಲಿಸಿ, ಮೇಲೆ ವಿಕಿರಣಮಾಪಕ ಕಟ್ಟುತ್ತಾರೆ. ಅದು ಮೇಲಿಂದ ಬರುವ, ಕೆಳಗಿಂದ ಹೋಗುವ ಎರಡೂ ಬಗೆಯ ಕಿರಣ ಅಳೆಯುತ್ತದೆ. ಶಬ್ದ ತರಂಗದಿಂದ ಗಾಳಿಯ ವೇಗ ಅಳೆಯುವ ಸಾಧನವೊಂದು ಸೆಕೆಂಡಿಗೆ 10 ಅಥವಾ 20 ಸಲ ಗಾಳಿ ಮೇಲಕ್ಕೋ ಕೆಳಕ್ಕೋ ಎಂದು ನೋಡುತ್ತದೆ, ಪಕ್ಕದ ಸಾಧನ ಅದೇ ವೇಗದಲ್ಲಿ ಆವಿಯನ್ನು. ಮೇಲೇಳುವ ಗಾಳಿ ಕೆಳಗಿಳಿಯುವ ಗಾಳಿಗಿಂತ ಎಷ್ಟು ಬಿಸಿ, ಎಷ್ಟು ತೇವ ಅನ್ನುವುದರಿಂದ ಲೆಕ್ಕ ಬರುತ್ತದೆ. ಮಣ್ಣಿನಲ್ಲಿ ಹೂತ ತಟ್ಟೆಗಳು ನೆಲದೊಳಕ್ಕಿಳಿಯುವ ಶಾಖ ಹೇಳುತ್ತವೆ. ಚಳಿಗಾಲದಲ್ಲಿ ಇವುಗಳ ಮೇಲೆಲ್ಲ ಮಂಜು ಕಟ್ಟುತ್ತದೆ, ಅದೇ ದೊಡ್ಡ ತಲೆನೋವು.

ಬಂದದ್ದು ಮತ್ತು ಖರ್ಚಾದದ್ದು ಸರಿಯಾಗಿ ತಾಳೆ ಆಗುತ್ತದಾ?

ಆಗಬೇಕು, ಆದರೆ ಸಾಮಾನ್ಯವಾಗಿ ಆಗುವುದಿಲ್ಲ. ಜಗತ್ತಿನ ಗೋಪುರಗಳಲ್ಲೆಲ್ಲ ಶೇಕಡಾ 10ರಿಂದ 30ರಷ್ಟು ಕೊರತೆ ಬರುತ್ತದೆ. ದೊಡ್ಡ ದೊಡ್ಡ ಸುಳಿಗಾಳಿಗಳು ಗೋಪುರದ ಕಣ್ಣು ತಪ್ಪಿಸಿ ಶಾಖ ಒಯ್ಯುವುದು ಒಂದು ಕಾರಣ. ಉಪಧ್ರುವದ ಜವುಗಿನಲ್ಲಿ ಪೀಟ್, ನೀರು, ಕರಗುತ್ತಿರುವ ಮಂಜುಗಡ್ಡೆ ಒಳಗೊಳಗೇ ಶಾಖ ಹಿಡಿದಿಡುವುದು ಇನ್ನೊಂದು. ಮಣ್ಣಿನ ತಟ್ಟೆಗಳು ಸಡಿಲ ಪಾಚಿಗೆ ಸರಿಯಾಗಿ ಅಂಟಿಕೊಳ್ಳದೆ ಕಡಿಮೆ ತೋರಿಸುತ್ತವೆ. ಯಾರಾದರೂ ಕರಗುವ ಕಾಲದ ಅಂಕಿ ಕೊಟ್ಟು "ಪೂರ್ತಿ ತಾಳೆ ಆಗಿದೆ" ಅಂದರೆ ಕೊರತೆಯನ್ನು ಯಾವುದಕ್ಕೆ ಸೇರಿಸಿದ್ದಾರೆ ಅಂತ ಕೇಳಿ ನೋಡಿ.

ಉಪಗ್ರಹ ಇರುವಾಗ ಗೋಪುರ ಯಾಕೆ?

ಆಲ್ಬಿಡೋ ಮತ್ತು ಮೇಲ್ಮೈ ಉಷ್ಣತೆಗೆ ಉಪಗ್ರಹ ಬಹಳ ಉಪಯೋಗ. ನಾಸಾ ಉಪಗ್ರಹಗಳಲ್ಲಿರುವ ಮೋಡಿಸ್ ಉಪಕರಣ 2000ದಿಂದ ಅಂಕಿ ಕೊಡುತ್ತಿದೆ, ಆಲ್ಬಿಡೋ ಚಿತ್ರದ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು 500 ಮೀಟರ್. ಆದರೆ ಉಪಧ್ರುವದ 500 ಮೀಟರಿನಲ್ಲಿ ಒಂದು ಕೆರೆ, ಎರಡು ಜವುಗು, ಒಂದಿಷ್ಟು ಕಾಡು ಸೇರಿಹೋಗುತ್ತವೆ. ಆವಿ, ನೆಲದೊಳಗಿನ ಶಾಖ ಮೇಲಿನಿಂದ ನೇರವಾಗಿ ಕಾಣುವುದಿಲ್ಲ, ಮಾದರಿಯಿಂದ ಅಂದಾಜಿಸಬೇಕು. ಸೂರ್ಯ ದಿಗಂತದಿಂದ 20 ಡಿಗ್ರಿಗಿಂತ ಕೆಳಗಿದ್ದಾಗ ಆಲ್ಬಿಡೋ ಅಂಕಿಯನ್ನು ನಂಬುವುದೂ ಕಷ್ಟ. ನೀವೇ ಅಂಕಿ ಇಳಿಸಿಕೊಂಡು ನೋಡುವವರಾದರೆ, ಅದರ ಜೊತೆಗೇ ಬರುವ, ಯಾವ ಚುಕ್ಕೆಯನ್ನು ಎಷ್ಟು ನಂಬಬಹುದು ಅಂತ ಹೇಳುವ ಗುಣಮಟ್ಟದ ಪದರವನ್ನೂ ಇಳಿಸಿಕೊಳ್ಳಿ, ನವೆಂಬರ್‌ನಿಂದ ಫೆಬ್ರವರಿಯವರೆಗಿನ ಚುಕ್ಕೆಗಳನ್ನು ಅದರಿಂದ ಸೋಸಿದ ಮೇಲೆಯೇ ಗ್ರಾಫ್ ಹಾಕಿ.